ಫೋರಮ್ ಸುಧಾರಿಸಲು ಹೊರಟದ್ದು

ಸಲಹೆ ಕೊಡುವ ಚಟ ನನಗೆ ಬಿಪಿ ಇದ್ದ ಹಾಗೆ, ಹತೋಟಿಯಲ್ಲಿಡಬಹುದು, ವಾಸಿಯಾಗುವುದಿಲ್ಲ. ಹೋಟೆಲಿನಲ್ಲಿ ಭಟ್ಟರಿಗೆ ಕಾವಲಿಯ ಉರಿಯ ಬಗ್ಗೆ, ಬಸ್ಸಿನಲ್ಲಿ ಡ್ರೈವರಿಗೆ ಗೇರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. "ಫ್ಯಾಕ್ಟರಿಯವರು ನಿಮಗೆ ರಿಟೈರ್‌ಮೆಂಟ್ ಕೊಟ್ರು, ನಿಮ್ಮ ಬಾಯಿಗೆ ಕೊಡೋದು ಮರೆತ್ರು ಕಣ್ರೀ" ಎನ್ನುತ್ತಾಳೆ ನನ್ನ ಹೆಂಡತಿ ಸರೋಜ. ಏನು ಮಾಡಲಿ? ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಪ್ಪು ಹಿಡಿಯುವುದಕ್ಕೇ ಸಂಬಳ ತೆಗೆದುಕೊಂಡವನು. ಈಗ ಅದನ್ನೇ ಪುಕ್ಕಟೆ ಮಾಡುತ್ತಿದ್ದೇನೆ, ಅಷ್ಟೆ.

ಪೀಣ್ಯದ ಶೆಡ್ಡುಗಳಲ್ಲಿ ಮಷೀನು ನಡೆಸುವವರು ತಮ್ಮ ಅನುಮಾನಗಳನ್ನು ಕನ್ನಡದಲ್ಲೇ ಕೇಳಲಿ ಎಂದು ನನ್ನ ಹಳೆಯ ಸಹೋದ್ಯೋಗಿಯ ಮಗಳು ಶಿಲ್ಪಾ ಇಂಟರ್ನೆಟ್ಟಿನಲ್ಲಿ ಒಂದು ಫೋರಮ್ ನಡೆಸುತ್ತಾಳೆ. ಮೊನ್ನೆ ಅಲ್ಲಿ, "ಇದನ್ನು ಬಳಸೋದು ಇನ್ನೂ ಸುಲಭ ಆಗಬೇಕು, ಸಲಹೆ ಕೊಡಿ" ಎಂದು ಬರೆದಳು. ಹಸಿದವನ ಮುಂದೆ ಎಲೆ ಹಾಕಿದಂತಾಯಿತು. ಅಕ್ಷರ ದಪ್ಪವಾಗಲಿ, ಕನ್ನಡದಲ್ಲಿ ಹುಡುಕಿದರೂ ಹಳೆಯ ಉತ್ತರ ಸಿಗಲಿ, ಬಗೆಹರಿದ ಪ್ರಶ್ನೆಗೆ ಹಸಿರು ಗುರುತು ಬೀಳಲಿ, ಕಳಿಸುವ ಬಟನ್ನೂ ಅಳಿಸುವ ಬಟನ್ನೂ ಮದುಮಕ್ಕಳಂತೆ ಅಂಟಿಕೊಂಡು ಕೂರದಿರಲಿ, ಹೀಗೆ ಹದಿನೇಳು ಸಲಹೆ ಬರೆದೆ. ಅವಳೇ ಫೋನ್ ಮಾಡಿದಳು. "ಅಂಕಲ್, ಎಲ್ಲಾ ಚೆನ್ನಾಗಿದೆ. ಆದ್ರೆ ಇದೆಲ್ಲ ದಿನಾ ಬರೋ ನಿಮಗೆ ಬೇಕಾದ್ದು. ಒಂದ್ಸಲ ಬಂದು ಮತ್ತೆ ತಲೆ ಹಾಕದೋರು ತುಂಬಾ ಜನ ಇದ್ದಾರೆ. ಅವ್ರಿಗೇನು ಕಷ್ಟ ಆಯ್ತು ಅಂತ ಯಾರಾದ್ರೂ ಸಿಕ್ಕಿದ್ರೆ ಕೇಳ್ತೀರಾ?"

ಮಾರನೆಯ ಬೆಳಿಗ್ಗೆಯೇ ಪೀಣ್ಯಕ್ಕೆ ಹೊರಟೆ. ಮೂರು ಟೀ ಅಂಗಡಿ ಸುತ್ತಿ, ನಾಲ್ಕನೆಯದರಲ್ಲಿ ಹಾವೇರಿ ಕಡೆಯ ಬಸವರಾಜ ಸಿಕ್ಕಿದ. ಫೋರಮ್ಮಿನ ಹೆಸರೆತ್ತಿದ್ದೇ ತಡ, ಮುಖ ಹುಳ್ಳಗೆ ಮಾಡಿದ.

"ಅದರಾಗ ಒಮ್ಮೆ ಪ್ರಶ್ನೆ ಬರದಿದ್ನಿರಿ ಸರ. ನಾ ಡ್ರಿಲ್ ಹಾಕಿದ ತೂತೆಲ್ಲ ದೊಡ್ಡವಾಗಿ ಬರ್ತಿದ್ವು. ಯಾಕ ಅಂತ ಕೇಳಿದ್ನಿ. ಅಲ್ಲಿ ಮೈಕ್ರೋಮೀಟರ್ ಅಂತ ಒಬ್ಬ ಅದಾನ್ರಿ..."

ಟೀ ಲೋಟ ಕೆಳಗಿಟ್ಟೆ. ಕೂದಲಿನ ದಪ್ಪವನ್ನೂ ಅಳೆಯುವ ಆ ಉಪಕರಣದ ಹೆಸರನ್ನು ಫೋರಮ್ಮಿನಲ್ಲಿ ಇಟ್ಟುಕೊಂಡವನು ನಾನೇ. 'ತೂತು' ಎಂದು ಬರೆಯುವಲ್ಲಿ ಇವನು 'ತುತು' ಎಂದು ಬರೆದಿದ್ದ. "ನಿಮ್ಮ ತೂತು ದೊಡ್ಡದಿರಬಹುದು, 'ತು' ಮಾತ್ರ ಚಿಕ್ಕದಾಗಿದೆ. ಮೊದಲು ಅದಕ್ಕೆ ದೀರ್ಘ ಕೊಡಿ" ಎಂದು ನಾನು ಉತ್ತರಿಸಿದ್ದೆ. ಜನ ಬಿದ್ದು ಬಿದ್ದು ನಕ್ಕಿದ್ದರು. ಸರೋಜಳಿಗೆ ಎರಡು ಸಲ ತೋರಿಸಿ ಬೀಗಿದ್ದೆ. ಅವನು ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಮಾತ್ರ ಮರೆತಿದ್ದೆ.

"ಪೀಸೆಲ್ಲ ರಿಜೆಕ್ಟ್ ಆದ್ವು. ಮಷೀನ್ ಬಿಡಿಸಿ ನನ್ನ ಪ್ಯಾಕಿಂಗಿಗೆ ಹಾಕ್ಯಾರ್ರಿ" ಎಂದ ಬಸವರಾಜ. "ಆ ಮನಶ್ಯಾ ಬರದದ್ದು ಕಾಣಲಾರದಂಗ ಮಾಡೋ ಬಟನ್ ಇದ್ರ, ನಾ ಮತ್ತ ಹೋಗ್ತೀನ್ರಿ."

ಅಂಥದ್ದೊಂದು ಇತ್ತು, ಮೂರು ಚುಕ್ಕಿಯ ಹಿಂದೆ ಅಡಗಿತ್ತು. ಅವನ ಫೋನು ಇಸಿದುಕೊಂಡು ಒತ್ತಿದೆ. "ಮೈಕ್ರೋಮೀಟರ್ ಇನ್ನು ನಿಮಗೆ ಕಾಣಿಸುವುದಿಲ್ಲ" ಎಂದು ಬಂತು. ನನ್ನ ಬೆರಳಿನಿಂದಲೇ ನನ್ನನ್ನು ಮಾಯ ಮಾಡಿ, ಫೋನು ಹಿಂದಕ್ಕೆ ಕೊಟ್ಟು, "ಡ್ರಿಲ್ ಬಿಟ್ಟಿಗೆ ಕೈಯಲ್ಲೇ ಸಾಣೆ ಹಿಡೀತಿದ್ರಾ?" ಎಂದು ಕೇಳಿದೆ.

"ಹೂನ್ರಿ."

"ತುದಿಯ ಎರಡು ಅಂಚೂ ಸಮ ಬಂದಿಲ್ಲ. ಒಂದು ಉದ್ದ, ಒಂದು ಗಿಡ್ಡ ಆದ್ರೆ ತೂತು ಅಗಲ ಆಗುತ್ತೆ" ಎಂದು ಹಳೆಯ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದೆ.

ಅವನ ಕಣ್ಣು ಅರಳಿತು. "ಇಷ್ಟ ಏನ್ರಿ? ಇವತ್ತ ಸೂಪರ್‌ವೈಜರಗ ಮಾಡಿ ತೋರಸ್ತೀನಿ!" ಎಂದು ಪೇಪರನ್ನು ಹರಿದು ಜೇಬಿಗಿಟ್ಟುಕೊಂಡ. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ.

"ಸರ, ನಿಮ್ಮಂಥಾವ್ರು ಆ ಫೋರಮ್ಮಿನ್ಯಾಗ ಇರಬೇಕಿತ್ರಿ ನೋಡ್ರಿ."

"ಸೇರ್ಕೋತೀನಪ್ಪ" ಎಂದೆ.