ಮಗ್ಗದ ಮನೆಯಲ್ಲಿ ದಿಕ್ಸೂಚಿ ಭಾಷಣ

ಭಾಷಣ ಮಾಡುವುದರಲ್ಲಿ ಏನು ಮಹಾ ಇದೆ? ಬಾಯಿದೆ, ಗಂಟಲಿದೆ, ಹೇಳಲು ವಿಷಯವಿದೆ. ಕೇಳುವವರು ಸಿಕ್ಕಿದರೆ ಮುಗಿಯಿತು. ಎರಡು ತಿಂಗಳ ಹಿಂದಿನವರೆಗೂ ನಾನು ಹೀಗೇ ತಿಳಿದಿದ್ದೆ.

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್ ಮಗ್ಗಗಳಿವೆ. ಸೀರೆ ನೇಯುತ್ತೇವೆ. ಒಂದು ಬೆಳಿಗ್ಗೆ ನಮ್ಮ ನೇಕಾರರ ಸಂಘದ ಅಧ್ಯಕ್ಷ ನಂಜುಂಡಪ್ಪ ಮನೆಗೆ ಬಂದರು. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು:

"ಗಂಗಾಧರಣ್ಣ, ದೇವನಹಳ್ಳಿ ಹತ್ರ ದೊಡ್ಡ ಹೋಟ್ಲಲ್ಲಿ ಜವಳಿ ಉದ್ಯಮದ ಸಮ್ಮೇಳನ ಇದೆ. ರಾಜ್ಯದವರೆಲ್ಲಾ ಬರ್ತಾರೆ. ದಿಕ್ಸೂಚಿ ಭಾಷಣ ನೀವೇ ಮಾಡ್ಬೇಕು."

ನಾನು ದಂಗಾಗಿಬಿಟ್ಟೆ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ನನ್ನ ಪ್ರತಿಭೆ ಇವರಿಗೆ ಹೇಗೆ ಕಂಡಿತು? ಕೇಳಿಯೇಬಿಟ್ಟೆ.

"ಮೊದ್ಲು ಒಪ್ಕೊಂಡಿದ್ದೋರು ಫಾರಿನ್‌ಗೆ ಹೋಗ್ತಾವ್ರೆ. ಎರಡನೆಯವ್ರಿಗೆ ಮಂಡಿ ಆಪರೇಷನ್ನು. ಮೂರನೆಯವ್ರು ಫೋನೇ ಎತ್ತಲ್ಲ. ನೀವಾದ್ರೆ ಮನೇಲೇ ಇರ್ತೀರಲ್ಲ!" ಎಂದರು ನಂಜುಂಡಪ್ಪ.

ಕಾರಣ ಏನೇ ಇರಲಿ, ಪೀಠ ನನ್ನದಾಯಿತು.

"ಹನ್ನೆರಡು ನಿಮಿಷ ಟೈಮು. ಏನ್ ಬೇಕಾದ್ರೂ ಮಾತಾಡಿ. ಆದ್ರೆ ಕರೆಂಟು ಹೇಳ್ದೆ ಕೇಳ್ದೆ ಹೋಗೋ ವಿಷ್ಯ ಮಾತ್ರ ಮರೀಬೇಡಿ. ಕರೆಂಟ್ ಇಲಾಖೆ ದೊಡ್ಡ ಮೇಡಮ್ಮು ಮುಂದಿನ ಸಾಲಲ್ಲೇ ಕೂತಿರ್ತಾರೆ. ಅವ್ರ ಕಿವಿಗೆ ಬೀಳ್ಬೇಕು. ಊರಿನ ಮಗ್ಗದೋರೆಲ್ಲಾ ನಿಮ್ಮನ್ನೇ ನಂಬ್ಕೊಂಡಿದೀವಿ."

"ಅವರ ಕಿವಿಗೆ ಬೀಳಿಸೋ ಜವಾಬ್ದಾರಿ ನಂದು!" ಎಂದು ಎದೆ ತಟ್ಟಿಕೊಂಡೆ. ಈ ಮಾತನ್ನು ನಾನು ಅಕ್ಷರಶಃ ಉಳಿಸಿಕೊಂಡೆ ಎಂಬುದನ್ನು ಸಮ್ಮೇಳನಕ್ಕೆ ಬಂದಿದ್ದ ಯಾರನ್ನು ಬೇಕಾದರೂ ಕೇಳಬಹುದು.

ಅಂದೇ ಬರೆಯಲು ಕುಳಿತೆ. ದಿಕ್ಸೂಚಿ ಎಂದ ಮೇಲೆ ದಿಕ್ಕುಗಳೆಲ್ಲಾ ಬರಬೇಡವೇ? ಆದಿಮಾನವ ಚಳಿಗೆ ಎಲೆ ಸುತ್ತಿಕೊಂಡಲ್ಲಿಂದ ಆರಂಭಿಸಿದೆ. ಅವನಿಗೆ ಹತ್ತಿ ಸಿಗುವ ಹೊತ್ತಿಗೆ ಆರು ಪುಟ ಆಗಿತ್ತು. ಒಟ್ಟು ಇಪ್ಪತ್ತೆರಡು ಪುಟ. ಮೊದಲು ತೋರಿಸಿದ್ದು ಹೆಂಡತಿ ಸರೋಜಾಳಿಗೆ. ಮಗ್ಗದಿಂದ ಇಳಿದ ಸೀರೆಗಳನ್ನು ಇಂಚಿಂಚು ನೋಡಿ ದೋಷ ಹಿಡಿಯುವುದು ಅವಳ ಕೆಲಸ. ನನ್ನ ಭಾಷಣವನ್ನೂ ಹಾಗೇ ನೋಡಿದಳು.

"ರೀ, ಕರೆಂಟಿನ ವಿಷ್ಯ ಎಲ್ಲಿದೆ?"

"ಹತ್ತೊಂಬತ್ತನೇ ಪುಟದಲ್ಲಿ."

"ಅಲ್ಲಿವರ್ಗೂ ಯಾರ್ರೀ ಎಚ್ಚರ ಇರ್ತಾರೆ? ಮೊದ್ಲೇ ಹೇಳ್ಬಿಡಿ."

"ನಿಂಗೆ ಗೊತ್ತಾಗಲ್ಲ ಕಣೇ. ಭಾಷಣ ಅಂದ್ರೆ ಒಂದೊಂದೇ ಮೆಟ್ಟಿಲು ಹತ್ತಿಸಿಕೊಂಡು ಹೋಗ್ಬೇಕು."

"ಹತ್ತೋರ ಮಂಡಿ ಗತಿ ಯೋಚ್ನೆ ಮಾಡಿದ್ದೀರಾ?"

ಇಂಥ ಅಡ್ಡಮಾತುಗಳಿಗೆ ನಾನು ಬೆಲೆ ಕೊಡಲಿಲ್ಲ. ನಡುಮನೆಯಲ್ಲಿ ನಿಂತು ಅಭ್ಯಾಸ ಶುರು ಮಾಡಿದೆ. ಎರಡನೇ ದಿನವೇ ಅಲ್ಲಿಂದ ಉಚ್ಚಾಟನೆಯಾಯಿತು. "ನಿಮ್ಮ ಗಲಾಟೇಲಿ ಕುಕ್ಕರ್ ಎಷ್ಟು ಸೀಟಿ ಹೊಡೀತು ಅಂತಾನೇ ಗೊತ್ತಾಗ್ಲಿಲ್ಲ. ಬೇಳೆ ಕರಗಿ ನೀರಾಗಿದೆ. ಹೋಗಿ, ಶೆಡ್ಡಲ್ಲಿ ಮಾಡ್ಕೊಳ್ಳಿ!"

ಶೆಡ್ಡಿಗೆ ಹೋದೆ. ಎಂಟು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ಗುಡುಗಿದರೂ ಕೇಳುವುದಿಲ್ಲ. ಅಲ್ಲಿ ನಾವು ಮಾತಾಡುವುದು ಕೈಯಲ್ಲೇ. ತೋರುಬೆರಳನ್ನು ಗಿರಗಿರ ತಿರುಗಿಸಿದರೆ 'ಓಡಿಸು' ಎಂದರ್ಥ. ಎರಡು ಬೆರಳೆತ್ತಿದರೆ 'ಎರಡನೇ ಮಗ್ಗದಲ್ಲಿ ನೂಲು ಹರಿದಿದೆ, ಹೋಗಿ ನೋಡು' ಎಂದು. ಇಂಥ ಜಾಗದಲ್ಲಿ ನನ್ನ ಭಾಷಣ ನನಗೇ ಕೇಳಬೇಕಾದರೆ ಹೊಟ್ಟೆಯ ಆಳದಿಂದ ಅರಚಬೇಕಿತ್ತು. ಅರಚಿದೆ. ದಿನಕ್ಕೆರಡು ಸಲ, ಕೈ ಬೀಸಿಕೊಂಡು.

ನಾಲ್ಕನೇ ದಿನ ಹತ್ತೊಂಬತ್ತನೇ ಪುಟಕ್ಕೆ ಬಂದಿದ್ದೆ. ಆವೇಶ ಏರಿತ್ತು. ಅಷ್ಟರಲ್ಲಿ, ಯಾವ ವಿಷಯವಾಗಿ ಗುಡುಗುತ್ತಿದ್ದೆನೋ ಅದೇ ಘಟಿಸಿತು. ಕರೆಂಟು ಹೋಯಿತು! ಎಂಟು ಮಗ್ಗವೂ ಒಮ್ಮೆಲೇ ನಿಂತವು. ಆ ಗಕ್ಕನೆಯ ಮೌನದಲ್ಲಿ ನನ್ನ ಒಂದೇ ಒಂದು ವಾಕ್ಯ ಬೀದಿಯ ತುದಿಯವರೆಗೂ ಮೊಳಗಿತು:

"ಇಪ್ಪತ್ತು ವರ್ಷ ಸಹಿಸಿದ್ದು ಸಾಕು! ಕೆಲಸ ಮಾಡದವರನ್ನು ಇಂದೇ ಮನೆಗೆ ಕಳುಹಿಸಬೇಕು!"

ನನ್ನ ತೋರುಬೆರಳು ಮುಂದಕ್ಕೆ ಚಾಚಿತ್ತು. ಅದರ ಎದುರಿಗೆ ಮುನಿಯಪ್ಪ ನಿಂತಿದ್ದ.

ಮುನಿಯಪ್ಪ ಸಾಸಲು ಕಡೆಯವನು. ನಮ್ಮ ಶೆಡ್ಡಿಗೆ ಮಗ್ಗ ಓಡಿಸಲು ಬಂದು ಸರಿಯಾಗಿ ಇಪ್ಪತ್ತು ವರ್ಷ. ನಾಲ್ಕು ದಿನದಿಂದ ನಾನು ಅವನ ಮುಂದೆ ನಿಂತು ಕೈ ಬೀಸುತ್ತಾ ಬಾಯಿ ಬಡಿದುಕೊಳ್ಳುವುದನ್ನು ನೋಡಿ, ಯಜಮಾನರಿಗೆ ಯಾಕೋ ಸಿಟ್ಟು ಬಂದಿದೆ ಎಂದುಕೊಂಡಿದ್ದನಂತೆ. ಈಗ ಕಾರಣವೂ ಸ್ಪಷ್ಟವಾಗಿ ಕೇಳಿತ್ತು! ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡ. ಬುತ್ತಿಯ ಡಬ್ಬಿ ಎತ್ತಿಕೊಂಡ. ಹೊರಟೇಹೋದ.

"ಲೇ ಮುನಿಯಪ್ಪಾ, ಅದು ಭಾಷಣ ಕಣೋ!" ಎಂದು ಕೂಗಲು ಬಾಯಿ ತೆರೆದೆ. ಗಂಟಲಿನಿಂದ ಬಂದದ್ದು ಬರೀ ಗಾಳಿ.

ಮರುದಿನ ಸ್ಕೂಟರಿನಲ್ಲಿ ಸಾಸಲು ಕಡೆಗೆ ಹೊರಟೆ. ಮುನಿಯಪ್ಪ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನ ಹೆಂಡತಿ ಪೊರಕೆ ಹಿಡಿದು ನಿಂತಿದ್ದಳು. ಅದು ಕಸ ಗುಡಿಸಲು ಹಿಡಿದ ರೀತಿ ಅಲ್ಲ.

"ಇಪ್ಪತ್ತು ವರ್ಸ ನಿಮ್ ಮಗ್ಗ ಓಡ್ಸವ್ನೆ. ಕೆಲ್ಸ ಮಾಡ್ದೇ ಇರೋನು ಅಂತ ಬೀದೀಗೆಲ್ಲಾ ಕೇಳಂಗೆ ಅಂದ್ರಂತೆ?"

ಭಾಷಣ ಎಂದರೆ ನಂಬಲಿಲ್ಲ. ಕಡೆಗೆ ಚೀಲದಿಂದ ಇಪ್ಪತ್ತೆರಡು ಪುಟ ತೆಗೆದು, ಅವರ ಮನೆಯ ಮುಂದೆಯೇ ನಿಂತು ಒಡಕು ದನಿಯಲ್ಲೇ ಓದಿ ತೋರಿಸಬೇಕಾಯಿತು. ಜನ ಸೇರಿದರು. ಆದಿಮಾನವ ಇನ್ನೂ ಎಲೆಯಲ್ಲೇ ಇದ್ದಾಗ ಒಬ್ಬರು ಹತ್ತಿರ ಬಂದು, "ಯಾವ್ ಪಕ್ಷದಿಂದ ನಿಂತಿದ್ದೀರಣ್ಣ?" ಎಂದು ಕೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮುನಿಯಪ್ಪನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಒಂದು ಷರತ್ತು ಹಾಕಿ ವಾಪಸ್ ಬರಲು ಒಪ್ಪಿದ:

"ಇನ್ಮೇಲೆ ಅತ್ಲಾಗ್ ತಿರುಗ್ಕೊಂಡ್ ಭಾಷ್ಣ ಮಾಡಿ ಯಜಮಾನ್ರೇ."

ಹಾಗಾಗಿ ಉಳಿದ ದಿನಗಳೆಲ್ಲಾ ನಾನು ಗೋಡೆಗೆ ಭಾಷಣ ಮಾಡಿದೆ. ಗೋಡೆ ಒಳ್ಳೆಯ ಶ್ರೋತೃ. ಆಕಳಿಸಲಿಲ್ಲ, ಎದ್ದೂ ಹೋಗಲಿಲ್ಲ. ಸರೋಜಾಳ ಮೆಣಸು-ಶುಂಠಿ ಕಷಾಯದಿಂದ ಗಂಟಲೂ ಸರಿಹೋಯಿತು. ಸರಿಹೋದದ್ದೇ ತಪ್ಪಾಯಿತು!

ಸಮ್ಮೇಳನದ ದಿನ ಬಂತು. ಹೋಟೆಲಿನ ಸಭಾಂಗಣ ನೋಡಬೇಕಿತ್ತು! ಕಾಲಿಟ್ಟರೆ ಹೂತುಹೋಗುವ ಜಮಖಾನ. ಸೂಜಿ ಬಿದ್ದರೂ ಕೇಳುವ ನಿಶ್ಶಬ್ದ. ಮಗ್ಗ ಇಲ್ಲ, ಗೋಡೆ ಇಲ್ಲ. ಎದುರಿಗೆ ಬರೀ ಮುಖಗಳು, ಅವೂ ನೂರಾರು! ಮುಂದಿನ ಸಾಲಿನಲ್ಲಿ ಮೇಡಂ. ನಾಲ್ಕನೇ ಸಾಲಿನಲ್ಲಿ ಸರೋಜಾ. ನಿರೂಪಕಿ ನನ್ನ ಹೆಸರು ಕರೆದಳು. ಪೀಠದ ಹಿಂದೆ ನಿಂತೆ, ಎದೆ ತುಂಬಾ ಗಾಳಿ ಎಳೆದುಕೊಂಡೆ, ಅಭ್ಯಾಸ ಮಾಡಿದ ಪ್ರಕಾರವೇ ಆರಂಭಿಸಿದೆ.

"ಸನ್ಮಾನ್ಯ ಅಧ್ಯಕ್ಷರೇ!"

ಮೈಕು ಕಿರುಚಿಕೊಂಡಿತು. ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. ಆಗಲೇ ಕಣ್ಣು ಮುಚ್ಚಿದ್ದ ಹಿರಿಯರೊಬ್ಬರು ನಾಡಗೀತೆ ಶುರುವಾಯಿತೆಂದು ಥಟ್ಟನೆ ಎದ್ದು ನಿಂತರು. ಸಭೆ ಎಷ್ಟು ಗಮನ ಕೊಡುತ್ತಿದೆ ಎಂದು ನಾನು ಇನ್ನಷ್ಟು ಉಬ್ಬಿದೆ.

ಆದಿಮಾನವ ಹತ್ತಿಯ ಗಿಡದ ಹತ್ತಿರ ಬರುತ್ತಿದ್ದಾಗ ನಿರೂಪಕಿ ವೇದಿಕೆಯ ಬದಿಯಿಂದ ತೋರುಬೆರಳನ್ನು ಗಿರಗಿರ ತಿರುಗಿಸಿದಳು. 'ಬೇಗ ಮುಗಿಸಿ' ಎಂದಿರಬೇಕು. ನನ್ನ ಮೂವತ್ತು ವರ್ಷದ ಅನುಭವದಲ್ಲಿ ಅದರ ಅರ್ಥ ಒಂದೇ. ಓಡಿಸು! ಓಡಿಸಿದೆ. ಸ್ವಲ್ಪ ಹೊತ್ತಿಗೆ ಅವಳು ಎರಡು ಬೆರಳೆತ್ತಿದಳು. 'ಎರಡೇ ನಿಮಿಷ' ಎಂದಂತೆ. ನನಗೆ ಹೊಳೆದದ್ದು ಶೆಡ್ಡಿನ ಅರ್ಥವೇ. ಎರಡನೆಯದರಲ್ಲಿ ಏನೋ ಹರಿದಿದೆ! ಎರಡನೇ ಪುಟದಲ್ಲಿ ಯಾವುದೋ ಸಾಲು ಬಿಟ್ಟಿರಬೇಕೆಂದು ಹಿಂದಕ್ಕೆ ಹೋಗಿ, ಅಲ್ಲಿಂದ ಪುನಃ ಓದಿದೆ. ಸಭಾಂಗಣದಲ್ಲಿ ಒಂದು ನರಳಾಟ ಕೇಳಿಸಿತು. ಭಾವುಕರಾದರು ಎಂದುಕೊಂಡೆ.

ಆಮೇಲೆ ಮೈಕ್ ಆಫ್ ಮಾಡಿದರಂತೆ. ನನಗೆ ಗೊತ್ತಾಗಲಿಲ್ಲ. ಸಭೆಗೂ ಗೊತ್ತಾಗಲಿಲ್ಲ!

ಹನ್ನೊಂದನೇ ಪುಟದ ಕೊನೆಯಲ್ಲಿದ್ದಾಗ ನಂಜುಂಡಪ್ಪ ವೇದಿಕೆಗೆ ಓಡಿಬಂದರು. ನಾನು ಮಾತಾಡುತ್ತಿರುವಾಗಲೇ ಶಾಲು ಹೊದಿಸಿದರು. ಹಾರ ಹಾಕಿದರು. ತಲೆಗೆ ಪೇಟ ಇಟ್ಟರು, ಅದು ಕಣ್ಣಿನವರೆಗೂ ಇಳಿಯಿತು. ಎರಡೂ ಕೈಗೆ ಹಣ್ಣಿನ ಬುಟ್ಟಿ ಹೊರಿಸಿದರು. ಹೀಗಾದ ಮೇಲೆ ಪುಟ ತಿರುಗಿಸುವುದು ಹೇಗೆ? ಚಪ್ಪಾಳೆ ಸಿಡಿಯಿತು. ಅಂಥ ಚಪ್ಪಾಳೆ ಆ ದಿನ ಬೇರೆ ಯಾರಿಗೂ ಬೀಳಲಿಲ್ಲ. ಕೃತಕೃತ್ಯನಾಗಿ ಕೆಳಗಿಳಿದೆ.

ಸರೋಜಾ ಪೇಟ ಮೇಲಕ್ಕೆತ್ತಿ ನನ್ನ ಮುಖ ನೋಡಿದಳು. "ರೀ, ಕರೆಂಟಿನ ವಿಷ್ಯ?"

ಕೈಯಿಂದ ಬುಟ್ಟಿ ಜಾರಿತು. ಮೋಸಂಬಿಗಳು ಜಮಖಾನದ ಮೇಲೆ ದಿಕ್ಕಿಗೊಂದರಂತೆ ಉರುಳಿದವು. ಊರಿನ ಮಗ್ಗದವರೆಲ್ಲಾ ನಂಬಿಕೊಂಡಿದ್ದ ಒಂದೇ ಒಂದು ಮಾತು ಹತ್ತೊಂಬತ್ತನೇ ಪುಟದಲ್ಲೇ ಉಳಿದಿತ್ತು!

ಊಟದ ಹೊತ್ತಿಗೆ ಮೇಡಂ ಅವರನ್ನು ಹುಡುಕಿಕೊಂಡು ಹೋದೆ. ನನ್ನನ್ನು ಕಂಡೊಡನೆ ಅವರು ತಟ್ಟೆ ಸಮೇತ ಎರಡು ಹೆಜ್ಜೆ ಹಿಂದೆ ಸರಿದರು. ಬಾಯಿ ತೆರೆದೆ. ಮತ್ತೆ ಬರೀ ಗಾಳಿ. ಇದ್ದಬದ್ದ ದನಿಯೆಲ್ಲಾ ಆದಿಮಾನವನಿಗೇ ಖರ್ಚಾಗಿತ್ತು.

ಆಗ ಸರೋಜಾ ಮುಂದೆ ಬಂದಳು. ಉಟ್ಟಿದ್ದ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದಳು.

"ಮೇಡಂ, ಇಲ್ಲೊಂದು ಅಡ್ಡಗೆರೆ ಕಾಣುತ್ತಲ್ಲ, ಮಗ್ಗ ಓಡ್ತಿದ್ದಾಗ ಕರೆಂಟ್ ಹೋದ್ರೆ ಬೀಳೋದು. ಗೆರೆ ಬಿದ್ದ ಸೀರೇನ ಯಾರೂ ತಗೊಳ್ಳಲ್ಲ, ನಾವೇ ಉಟ್ಕೋಬೇಕು. ಕರೆಂಟ್ ತೆಗೀಬೇಡಿ ಅನ್ನಲ್ಲ. ಮೊದ್ಲೇ ಹೇಳಿ ತೆಗೀಲಿ, ನಾವು ಮಗ್ಗ ನಿಲ್ಲಿಸ್ಕೋತೀವಿ."

ಅಷ್ಟೇ. ಅರ್ಧ ನಿಮಿಷವೂ ಆಗಿರಲಿಲ್ಲ. ಮೇಡಂ ತಟ್ಟೆ ಪಕ್ಕಕ್ಕಿಟ್ಟು ಗೆರೆಯ ಮೇಲೆ ಬೆರಳಾಡಿಸಿದರು. "ಇದನ್ನ ಯಾರೂ ನಮಗೆ ತೋರಿಸೇ ಇರಲಿಲ್ಲವಲ್ಲಮ್ಮ" ಎಂದು ಸಹಾಯಕರನ್ನು ಕರೆದು ಬರೆಸಿಕೊಂಡರು. ಹತ್ತಿರದಲ್ಲೇ ಯಾರೋ ಫೋಟೋ ತೆಗೆದರು. ಎರಡು ವಾರದಲ್ಲಿ ಕರೆಂಟು ತೆಗೆಯುವ ವೇಳೆ ಹಿಂದಿನ ದಿನವೇ ಫೋನಿಗೆ ಬರತೊಡಗಿತು. ನಂಜುಂಡಪ್ಪ ಸಿಹಿ ತಂದು ಸರೋಜಾಳ ಕೈಗೆ ಕೊಟ್ಟು ಹೋದರು.

ಅದಿರಲಿ, ಸಮ್ಮೇಳನದ ಮರುದಿನ ನಾನು ಬೆಳಗಾಗುತ್ತಲೇ ಪತ್ರಿಕೆ ತರಿಸಿದ್ದೆ. ನೋಡಿದರೆ ಸರೋಜಾಳ ಫೋಟೋ, ಮೂರು ಕಾಲಂ ಅಗಲ! ಕೆಳಗೆ ವರದಿ. ಉದ್ಘಾಟಿಸಿದವರ ಹೆಸರು, ಸ್ವಾಗತಿಸಿದವರ ಹೆಸರು, ಪ್ರಾರ್ಥನೆ ಹಾಡಿದವರ ಹೆಸರು, ವಂದಿಸಿದವರ ಹೆಸರು. ಕೊನೆಯಲ್ಲಿ, 'ಮತ್ತಿತರರು ಮಾತನಾಡಿದರು.'

"ರೀ, ನಿಮ್ಮ ಹೆಸ್ರೆಲ್ಲಿ?" ಎಂದಳು ಸರೋಜಾ.

ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಹುಡುಕಿದೆ. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಉಳಿದಿದ್ದ ದನಿಯಲ್ಲಿ ಹೇಳಿದೆ:

"ಈ 'ಮತ್ತಿತರರು' ಅಂತ ಇದೆಯಲ್ಲ, ಅದು ನಾನೊಬ್ಬನೇ ಕಣೇ. ಗೌರವಕ್ಕೆ ಬಹುವಚನ ಹಾಕಿದ್ದಾರೆ!"