ಗಂಜಿ ಹಾಕಿದ ಒಂದು ದಿನಾರ್

ಮಹಬೂಲಾ, ಕುವೈತ್
ಮೇ 2006

ಮಾನ್ಯ ಸ್ಟಾಂಪ್ ಯಂತ್ರ ಸಾಹೇಬರೇ,

ಸರ್ಕಾರಿ ಕ್ಲಿನಿಕ್ಕಿನ ಬಾಗಿಲಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಕಡೆ ನಿಂತು ಜನಸೇವೆ ಮಾಡುವ ತಮಗೆ ನನ್ನ ಸಲಾಂ. ತಾವು ಕ್ಷೇಮವೆಂದು ನಂಬಿದ್ದೇನೆ.

ನಾನು ಎದುರು ಬೀದಿಯಲ್ಲಿ ಲಾಂಡ್ರಿ ನಡೆಸುವ ಅಬ್ದುಲ್ ರಹಿಮಾನ್, ಊರು ಉಪ್ಪಿನಂಗಡಿ. ಪ್ರತಿವರ್ಷ ಇಲ್ಲಿನ ವಾಸದ ಪರವಾನಗಿಯಾದ ಇಕಾಮಾ ನವೀಕರಿಸುವಾಗ ಮನೆಮಂದಿಯ ಆರೋಗ್ಯ ವಿಮೆಗೆ ಹಣ ಕಟ್ಟಿಯೂ, ಡಾಕ್ಟರನ್ನು ಕಾಣುವ ಮುನ್ನ ತಮಗೊಂದು ದಿನಾರ್ ಅರ್ಪಿಸಿ, ಸ್ಟಾಂಪ್ ಪಡೆದು ಚೀಟಿಗೆ ಅಂಟಿಸಬೇಕೆಂಬ ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಕಳೆದ ಸೋಮವಾರ ಧೂಳುಗಾಳಿಗೆ ನನ್ನ ಆರು ವರ್ಷದ ಮಗಳು ರಾಹಿಲಾಳಿಗೆ ಉಬ್ಬಸ ಎದ್ದಾಗ ಅವಳನ್ನೆತ್ತಿಕೊಂಡು ತಮ್ಮ ಸನ್ನಿಧಿಗೆ ಓಡಿಬಂದೆ. ತಾವು ನನ್ನ ನೋಟನ್ನು ನಾಲ್ಕು ಸಲ ಒಳಗೆಳೆದು, ಮುದುಡಿದೆಯೆಂದು ನಾಲ್ಕು ಸಲವೂ ಹೊರಗೆ ಕಳುಹಿಸಿದಿರಿ. ಮಗುವಿನ ಎದೆಯನ್ನು ಅಲ್ಲಿ ಯಾರೂ ಅಷ್ಟು ಶ್ರದ್ಧೆಯಿಂದ ಪರೀಕ್ಷಿಸಲಿಲ್ಲ. ಕೌಂಟರಿನವನಂತೂ 'ಸ್ಟಾಂಪ್ ಮಾಫಿ, ಡಾಕ್ಟರ್ ಮಾಫಿ' ಎಂದು, ಅದಿಲ್ಲದೆ ಇದೂ ಇಲ್ಲವೆಂಬಂತೆ ಕೈಯಾಡಿಸಿದ.

ಮಗುವನ್ನು ಹಿಂದೆಯೇ ಓಡಿಬಂದಿದ್ದ ಹೆಂಡತಿ ಸೈನಬಾಳ ಮಡಿಲಿಗೆ ಹಾಕಿ ಅಂಗಡಿಗೆ ಓಡಿದವನು, ಹದಿನೈದು ವರ್ಷ ಅರಬರ ನಿಲುವಂಗಿಗಳಿಗೆ ಇಸ್ತ್ರಿ ಹಾಕಿದ ಕೈಯ ಅಭ್ಯಾಸದಿಂದ, ನೋಟಿಗೂ ಗಂಜಿ ಚಿಮುಕಿಸಿ ಇಸ್ತ್ರಿ ಎಳೆದುಬಿಟ್ಟೆ. ಹಪ್ಪಳದಂತಾದ ಅದನ್ನು ತಾವು ಗಬಕ್ಕನೆ ನುಂಗಿ, ಒಮ್ಮೆ ಗೊರಗುಟ್ಟಿ, ದೀಪ ಆರಿಸಿಕೊಂಡು ಮಲಗಿಯೇಬಿಟ್ಟಿರಿ. ತಪ್ಪು ನನ್ನದೇ. ಆದರೆ ಮಗಳ ತುಟಿ ನೀಲಿಗಟ್ಟುತ್ತಿತ್ತು ಸಾಹೇಬರೇ.

ಆಗ ಮೊದಲೇ ಸ್ಟಾಂಪ್ ಪಡೆದು ಡಾಕ್ಟರರ ಸಾಲಿನಲ್ಲಿದ್ದ ಶಾಲಾ ಬಸ್ಸಿನ ಡ್ರೈವರ್ ಬರ್ನಾರ್ಡ್ ಎಂಬವರು, ಜ್ವರದಿಂದ ಮೈಯೆಲ್ಲ ಕೆಂಡವಾಗಿದ್ದರೂ, 'ಮಗು ಫಸ್ಟ್ ಹೋಗ್ಲಿ ಭಾಯಿ, ನಂದು ಮತ್ತೆ ನೋಡುವ' ಎಂದು ತನ್ನ ಚೀಟಿಯ ಸ್ಟಾಂಪನ್ನು ಉಗುರಿನಿಂದ ಕಿತ್ತು ರಾಹಿಲಾಳ ಚೀಟಿಗೆ ಅಂಟಿಸಿದರು. ಒಳಗೆ ಅವಳ ಮೂಗಿಗೆ ಮಾಸ್ಕ್ ಇಟ್ಟರು, ಉಸಿರು ಮರಳಿತು. ಬರ್ನಾರ್ಡ್ ಮಾತ್ರ ಒಂದು ಗಂಟೆ ಕಾದು, ಬೇರೆ ಸ್ಟಾಂಪ್ ಸಿಗದೆ, ಜ್ವರ ಹೊತ್ತುಕೊಂಡೇ ರೂಮಿಗೆ ಹೋದರು.

ಯಾರಿಗೆ ಚಿಕಿತ್ಸೆ, ಯಾರಿಗಿಲ್ಲ ಎಂದು ಹೇಗೂ ತಾವೇ ತೀರ್ಮಾನಿಸುವುದರಿಂದ, ದಯವಿಟ್ಟು ಇನ್ನು ಮುಂದೆ ಬಿಳಿ ಕೋಟು ಧರಿಸಿ, ಮಕ್ಕಳ ಎದೆಗೆ ಕಿವಿಗೊಟ್ಟು, ಔಷಧವನ್ನೂ ತಾವೇ ಬರೆದುಕೊಡಬೇಕಾಗಿ ಕೋರುತ್ತೇನೆ. ಡಾಕ್ಟರರ ಸಂಬಳವಾದರೂ ಉಳಿದೀತು.

ನುಂಗಿದ ದಿನಾರನ್ನು ಹಿಂದೆ ಕೇಳದ,
ತಮ್ಮ ವಿಶ್ವಾಸಿ
ಅಬ್ದುಲ್ ರಹಿಮಾನ್

ತಾ.ಕ.: ಬರ್ನಾರ್ಡ್ ಹೋದ ಬೆನ್ನಿಗೇ ಇಬ್ಬರು ಮೆಕ್ಯಾನಿಕ್‌ಗಳು ಪೆಟ್ಟಿಗೆ ಹಿಡಿದು ಬಂದು, ಸಾಲನ್ನೆಲ್ಲ ಪಕ್ಕಕ್ಕೆ ಸರಿಸಿ, ತಮ್ಮ ಹೊಟ್ಟೆ ಬಿಚ್ಚಿ ವಾಸಿ ಮಾಡಿದರು. ತಮ್ಮ ಚಿಕಿತ್ಸೆಗೆ ಯಾರೂ ಸ್ಟಾಂಪ್ ಕೇಳಲಿಲ್ಲ.