ಗಣಪತಿ ಕೂತ ಸ್ಪೀಕರುಗಳು

ಕಿವಿ ಇದ್ದವರೆಲ್ಲ ಹಾಡು ಕೇಳುತ್ತಾರೆ ಎಂದುಕೊಂಡೇ ನಾನು ಅರ್ಧ ಆಯುಷ್ಯ ಕಳೆದೆ. ಹಾಗಲ್ಲವಂತೆ. ಕೆಲವರು ಹಾಡು ಕೇಳುತ್ತಾರೆ, ಇನ್ನು ಕೆಲವರು ಹಾಡು ಹೊರಬರುವ ಪೆಟ್ಟಿಗೆಯನ್ನು ಕೇಳುತ್ತಾರೆ. ಈ ಎರಡನೆಯವರ ನಡುವೆ, ಕಾರವಾರದಿಂದ ಗೋವೆಯವರೆಗೂ, ನನಗೊಂದು ದೊಡ್ಡ ಹೆಸರಿದೆ. ಹೆಸರು ನನ್ನದಲ್ಲ, ನನ್ನ ಮನೆಯಲ್ಲಿರುವ ಎರಡು ಹಳೆಯ ವಿಲಾಯತಿ ಸ್ಪೀಕರುಗಳದ್ದು. ನನ್ನ ಕಿವಿಯ ಕಥೆ ಬೇರೆ. ಬಿಣಗಾದ ಕಾರ್ಖಾನೆಯಲ್ಲಿ ಕಂಪ್ರೆಸರುಗಳ ಪಕ್ಕ ನಿಂತೂ ನಿಂತೂ, ಹೆಂಡತಿ ಕರೆದದ್ದೂ ಕುಕ್ಕರ್ ಕೂಗಿದ್ದೂ ನನಗೀಗ ಒಂದೇ ಥರ ಕೇಳಿಸುತ್ತದೆ.

ಸ್ಪೀಕರುಗಳು ಮೂಲದಲ್ಲಿ ಪಾಂಡುವಿನವು. ಪಾಂಡು ನನ್ನ ಕಾಲೇಜಿನ ಗೆಳೆಯ, ಕಡಲ ದಂಡೆಯ ಅರ್ಗಾದವನು. ಹಡಗಿನಲ್ಲಿ ಕೆಲಸಕ್ಕಿದ್ದಾಗ ಯಾವುದೋ ದೇಶದ ಬಂದರಿನಲ್ಲಿ ಅವನ್ನು ಕೊಂಡು ತಂದಿದ್ದ. ಸೊಂಟದೆತ್ತರದ ತೇಗದ ಪೆಟ್ಟಿಗೆಗಳು, ಮುಂದುಗಡೆ ಗೋಣಿಯಂಥ ಒರಟು ಬಟ್ಟೆ. ರಜೆಯಲ್ಲಿ ಊರಿಗೆ ಬಂದಾಗ ಭಾನುವಾರ ಜಗಲಿಯ ಮೇಲೆ ಅವನ್ನು ಸಮುದ್ರಕ್ಕೆ ಮುಖಮಾಡಿ ಇಟ್ಟು ಹಾಡು ಹಚ್ಚುತ್ತಿದ್ದ. ದಂಡೆಯಲ್ಲಿ ಬಲೆ ಸರಿಮಾಡುತ್ತ ಕೂತವರು ಅಲ್ಲಿಂದಲೇ "ಪಾಂಡೂ, ಅದೇ ಹಾಡು ಮತ್ತೊಂದ್ಸಲ ಹಾಕೋ" ಎಂದು ಕೂಗುತ್ತಿದ್ದರು. ಅವನ ತಾಯಿ ಹುರಿದ ಬಂಗಡೆ ತಂದಿಡುತ್ತಿದ್ದಳು. ನನಗೆ ಹಾಡಿಗಿಂತ ಬಂಗಡೆಯೇ ಹೆಚ್ಚು ನೆನಪಿದೆ ಎಂದರೆ ಸಂಗೀತಪ್ರಿಯರು ಕ್ಷಮಿಸಬೇಕು. ಆದರೆ ಆ ಜಗಲಿಯಲ್ಲಿ ಕೂತಾಗಿನ ಸುಖ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ನೌಕಾನೆಲೆಗೆಂದು ಸರ್ಕಾರ ಊರಿನ ಜಾಗ ತೆಗೆದುಕೊಂಡಾಗ ಆ ಜಗಲಿಯೂ ಹೋಯಿತು. ಈಗ ಅಲ್ಲಿ ಉದ್ದಕ್ಕೂ ಗೋಡೆ. ಹೊಸ ಮನೆಗೆ ಹೊರಟ ಪಾಂಡು ಸ್ಪೀಕರುಗಳನ್ನು ಟೆಂಪೋದಲ್ಲಿ ತಂದು ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಇಳಿಸಿದ. "ನಿನ್ ಹತ್ರಾನೇ ಇರ್ಲಿ ಮಾರಾಯಾ. ಇವನ್ನ ಕಂಡ್ರೆ ನಂಗೆ ಜಗಲಿ ನೆನಪಾಗ್ತದೆ" ಎಂದವನು ಚಹಾಕ್ಕೂ ನಿಲ್ಲಲಿಲ್ಲ.

ನನ್ನ ಹೆಂಡತಿ ಶಾಲಿನಿ ಅಂಕೋಲೆಯವಳು, ಮಾತಿಗೆ ಬಡತನವಿಲ್ಲ. ಒಂದು ಮಂಚ, ಒಂದು ಟೀವಿ ಹಿಡಿಯುವ ನಮ್ಮ ಹಾಲಿನಲ್ಲಿ ಸ್ಪೀಕರುಗಳು ಬಂದಮೇಲೆ ನೆಂಟರು ಓರೆಯಾಗಿಯೇ ನಡೆದಾಡಬೇಕಾಯಿತು. "ಇವಕ್ಕೆ ರೇಶನ್ ಕಾರ್ಡ್ ಒಂದು ಮಾಡ್ಸೂದು ಬಾಕಿ" ಎನ್ನುತ್ತಿದ್ದಳು.

ಹೀಗಿರುವಾಗ ಮಡಗಾಂವಿನಿಂದ ಕಾಮತರೆಂಬ ರಸಿಕರು ಬಂದರು. ಕಾರವಾರದ ರೇಡಿಯೋ ರಿಪೇರಿಯವನಿಂದ ಸುದ್ದಿ ತಿಳಿದಿತ್ತಂತೆ. ಬಂದವರೇ ಸ್ಪೀಕರಿನ ಮುಂದೆ ಮಂಡಿಯೂರಿದರು. ಬೆರಳಿನಿಂದ ತಟ್ಟಿದರು, ಮರವನ್ನು ಮೂಸಿ ನೋಡಿದರು. ಇಂಥವು ಈಗ ಹುಡುಕಿದರೂ ಸಿಗುವುದಿಲ್ಲ, ಉಪ್ಪುಗಾಳಿಯಲ್ಲಿ ಇಷ್ಟು ಚಲೋ ಉಳಿದದ್ದೇ ಪವಾಡ ಎಂದರು. ನಾನು ಹಾಡು ಹಚ್ಚಿದೆ. ಅವರು ಕಣ್ಣು ಮುಚ್ಚಿ, "ಆಹಾ, ಮಿಡ್‌ರೇಂಜ್ ಪಳಯಾ, ನೋಡಿ! ಗಾಯಕ ಇಲ್ಲೇ ನಮ್ಮ ಎದುರಿಗೇ ಬಂದು ಕೂತ ಹಾಗೆ!" ಎಂದರು.

"ಅವ್ನೂ ಬಂದ್ರೆ ಎಲ್ಲಿ ಕೂಡ್ರಸೂದು?" ಎಂದಳು ಶಾಲಿನಿ.

ಒಳ್ಳೆಯ ಬೆಲೆ ಕೊಟ್ಟು, ಚೌತಿ ಮುಗಿದ ಮೇಲೆ ವ್ಯಾನು ತಂದು ಒಯ್ಯುತ್ತೇನೆಂದರು ಕಾಮತರು, ಶಾಲಿನಿ ಸಂತೋಷದಿಂದ ಒಪ್ಪಿದಳು. ಮಿಡ್‌ರೇಂಜ್ ಎಂದರೇನೆಂದು ತಿಳಿಯದ ನಾನು ಯಾವ ಬಾಯಲ್ಲಿ ಬೇಡ ಎನ್ನಲಿ? ಆದರೆ ನನಗೆ ತುಂಬಾ ದುಃಖವಾಯಿತು. ಅರ್ಗಾದ ಆ ಮನೆಯದೆಂದು ಉಳಿದದ್ದು ಈ ಎರಡು ಪೆಟ್ಟಿಗೆಗಳೇ. ಅವೂ ಹೋದವೆಂದು ಪಾಂಡುವಿಗೆ ಹೇಗೆ ಹೇಳುವುದು?

ಆ ವರ್ಷ ಭಾವಿಕೇರಿಯ ನಮ್ಮ ಮೂಲಮನೆಯ ಹೆಂಚು ರಿಪೇರಿಗೆಂದು ಇಳಿಸಿದ್ದರಿಂದ ಗಣಪತಿಯನ್ನು ನಮ್ಮಲ್ಲಿಗೇ ತರಬೇಕಾಯಿತು. ಅಲ್ಲಿಂದ ತಂದ ಮರದ ಪೀಠ ನೋಡಿದರೆ ಗೆದ್ದಲು ಅರ್ಧ ತಿಂದಿತ್ತು, ಹಬ್ಬದ ಹೊತ್ತಿಗೆ ಬಡಗಿ ಕೈಗೆ ಸಿಗುವವನಲ್ಲ. ಶಾಲಿನಿ ಸುತ್ತ ನೋಡಿದಳು. "ಇಷ್ಟು ವರ್ಷ ಸುಮ್ನೆ ಕೂತವಲ್ಲ, ಒಂದು ಕೆಲ್ಸಾನಾದ್ರೂ ಮಾಡ್ಲಿ" ಎಂದು ಸ್ಪೀಕರುಗಳನ್ನು ಜೋಡಿಸಿ, ಮೇಲೊಂದು ಹಲಗೆ ಹಾಸಿ, ರೇಷ್ಮೆ ಸೀರೆ ಹೊದಿಸಿದಳು. ಮೇಲೆ ಹಣ್ಣು-ಕಾಯಿಗಳ ಫಲಾವಳಿ ಕಟ್ಟಿ ಅದರ ಕೆಳಗೆ ಗಣಪತಿಯನ್ನು ಕೂರಿಸಿದೆವು.

ಚೌತಿಯ ದಿನ ಪಾಂಡು ಬಂದ. ಅಡ್ಡಬಿದ್ದು ಎದ್ದವನು ಸೀರೆಯ ಅಂಚು ಸರಿಸಿ ಮರವನ್ನು ಮೆಲ್ಲನೆ ಸವರಿದ. "ನಮ್ ಜಗಲೀಲಿ ಬರೇ ಹಾಡಿತ್ತು. ಇಲ್ಲಿ ದೇವ್ರೇ ಬಂದು ಕೂತ" ಎಂದು ಕಣ್ಣೊರೆಸಿಕೊಂಡ. ಪಂಚಕಜ್ಜಾಯದ ತಟ್ಟೆ ಹಿಡಿದು ನಿಂತಿದ್ದ ಶಾಲಿನಿ ಅವನ ಕೈಗೆ ಎರಡೆರಡು ಸಲ ಪ್ರಸಾದ ಹಾಕಿದಳು. ಅವಳು ರೇಶನ್ ಕಾರ್ಡಿನ ಮಾತೇ ಎತ್ತದಿದ್ದದ್ದು ನೋಡಿ ನನಗೇ ಗಾಬರಿಯಾಯಿತು.

ಕಾಮತರು ವ್ಯಾನಿನೊಡನೆ ಬಂದಾಗ ಅವಳೇ ಬಾಗಿಲಿಗೆ ಹೋದಳು. "ಗಣಪತಿ ಕೂತ ಪೀಠ, ಕೊಡೂಕಾಗೂದಿಲ್ಲ. ಪ್ರಸಾದ ಕೊಡ್ತೆ, ತಕಂಡ್ ಹೋಗಿ." ಕಾಮತರ ಮನೆಯಲ್ಲೂ ಗಣಪತಿ ಕೂರುತ್ತಾನೆ. ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಪೀಕರುಗಳಿಗೆ ಕೈಮುಗಿದು ಹೊರಟುಹೋದರು.

ನಾನು ಖುಷಿಯಿಂದ ಕ್ಯಾಸೆಟ್ ಹಾಕಲು ಹೋದೆ. ಶಾಲಿನಿ ಸ್ವಿಚ್ ಆರಿಸಿಬಿಟ್ಟಳು. "ದೇವ್ರ ಪೀಠದಲ್ಲಿ ಸಿನಿಮಾ ಹಾಡು ಎಂತಕ್ಕೆ? ಬರೂ ಚೌತಿವರೆಗೆ ಮುಟ್ಬೇಡಿ." ಅಂದಿನಿಂದ ಅವು ಸೀರೆ ಹೊದ್ದು ಮೌನವಾಗಿವೆ. ದಿನಾ ಎರಡು ಹೂವು ಬೇರೆ.

ಈಗ ಪಾಂಡು ಪ್ರತಿ ಭಾನುವಾರ ಬರುತ್ತಾನೆ. ಪೀಠಕ್ಕೆ ಕೈಮುಗಿಯುತ್ತಾನೆ. ಅದರ ಮುಂದೆ ಮೀನು ಕೂಡದಾದ್ದರಿಂದ ಶಾಲಿನಿ ನಮ್ಮಿಬ್ಬರನ್ನೂ ಹಿತ್ತಲ ಕಟ್ಟೆಗೆ ಅಟ್ಟಿ, ಅಲ್ಲಿಗೇ ಹುರಿದ ಬಂಗಡೆ ತಂದಿಡುತ್ತಾಳೆ. ಸಮುದ್ರದ ಗಾಳಿ ಬರುತ್ತದೆ. ಹಾಡಿಲ್ಲ, ಆದರೆ ಇಬ್ಬರಿಗೂ ಅದರ ನೆನಪಾಗುವುದಿಲ್ಲ. ಕಾಮತರು ಆಗಾಗ ಫೋನು ಮಾಡಿ ಸ್ವರ ಹೇಗಿದೆಯೆಂದು ಆಸೆಯಿಂದ ವಿಚಾರಿಸುತ್ತಾರೆ. ಮುಳ್ಳು ಬಿಡಿಸುತ್ತಿರುವ ಪಾಂಡುವನ್ನು ನೋಡುತ್ತ ನಾನು, "ಮಿಡ್‌ರೇಂಜ್ ಮೊದಲಿಗಿಂತ ಸುಧಾರಿಸಿದೆ" ಎನ್ನುತ್ತೇನೆ. ಮೊನ್ನೆ ಅವರು, "ನಿಮ್ಮ ಕಿವಿ ಅಂದರೆ ಕಿವಿ!" ಎಂದು ಹೊಗಳಿದರಂತೆ. ನಾನು ಮೂರು ಸಲ "ಏನಂದ್ರಿ?" ಎಂದು ಕೇಳಿ, ಕೊನೆಗೆ ಫೋನನ್ನು ಪಾಂಡುವಿನ ಕೈಗೆ ಕೊಟ್ಟಿದ್ದೆ.